ವಿದೇಶ ಪ್ರವಾಸಕ್ಕೆ ಹೊರಟಿದ್ದೀರಾ? ಕಾರ್ಡ್ ಶುಲ್ಕಕ್ಕೆ ಸಾವಿರಾರು ರೂಪಾಯಿ ಹೋಗದಂತೆ ನೋಡಿಕೊಳ್ಳುವುದು ಹೀಗೆ

ಐನೂರು ರೂಪಾಯಿ ಉಳಿಸಲು ವಿಮಾನ ಟಿಕೆಟ್ ದರವನ್ನು ನಾಲ್ಕು ಆ್ಯಪ್‌ಗಳಲ್ಲಿ ಹೋಲಿಸಿ ನೋಡುವವರು, ವಿದೇಶದಲ್ಲಿ ಕಾರ್ಡ್ ಉಜ್ಜಿದಾಗ ಬ್ಯಾಂಕ್ ಎಷ್ಟು ಹಿಡಿದುಕೊಳ್ಳುತ್ತದೆ ಎಂದು ಮಾತ್ರ ವಿಚಾರಿಸುವುದಿಲ್ಲ. ಅದಕ್ಕೆ ಕಾರಣವೂ ಇದೆ. ಈ ಶುಲ್ಕ ಒಂದೇ ಕಡೆ, ಒಂದೇ ಹೆಸರಿನಲ್ಲಿ ಕಾಣಿಸುವುದಿಲ್ಲ. ಒಂದಿಷ್ಟು ವಿನಿಮಯ ದರದೊಳಗೆ ಸೇರಿರುತ್ತದೆ, ಒಂದಿಷ್ಟು ಎಟಿಎಂ ಯಂತ್ರ ಕೇಳುವ ಪ್ರಶ್ನೆಯಲ್ಲಿರುತ್ತದೆ, ಉಳಿದದ್ದು ತಿಂಗಳ ಕೊನೆಯ ಸ್ಟೇಟ್‌ಮೆಂಟ್‌ನಲ್ಲಿ ಸಣ್ಣ ಸಣ್ಣ ಸಾಲುಗಳಾಗಿ ಬರುತ್ತದೆ. ಗಮನಕ್ಕೆ ಬರುವಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ.

ಸಮಾಧಾನದ ಸಂಗತಿ ಎಂದರೆ, ಇದರಲ್ಲಿ ಹೆಚ್ಚಿನ ಶುಲ್ಕವನ್ನು ತಪ್ಪಿಸಬಹುದು. ಅದಕ್ಕೆ ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ, ಹೊರಡುವ ಒಂದು ವಾರ ಮೊದಲೇ ಮುಗಿಯುತ್ತದೆ.

ಒಂದು ಉದಾಹರಣೆ ನೋಡೋಣ. ಪುಣೆಯಲ್ಲಿ ನೆಲೆಸಿರುವ ನಾಲ್ವರ ಕುಟುಂಬವೊಂದು ದೀಪಾವಳಿ ರಜೆಗೆ ಥಾಯ್ಲೆಂಡ್‌ಗೆ ಹೋಗುತ್ತಿದೆ ಎಂದುಕೊಳ್ಳಿ. ಟಿಕೆಟ್ ಬಿಟ್ಟು ಅಲ್ಲಿ ಖರ್ಚು ಮಾಡುವುದು 1 ಲಕ್ಷ ರೂಪಾಯಿ. ಇದರಲ್ಲಿ 75 ಸಾವಿರ ಕಾರ್ಡ್‌ನಲ್ಲಿ, 25 ಸಾವಿರ ನಗದಿನಲ್ಲಿ. ಲೆಕ್ಕದ ಅನುಕೂಲಕ್ಕೆ ಒಂದು ಥಾಯ್ ಬಾತ್‌ಗೆ 2.50 ರೂಪಾಯಿ ಎಂದು ಇಟ್ಟುಕೊಳ್ಳೋಣ.

ಮೊದಲ ಶುಲ್ಕ: ಫಾರೆಕ್ಸ್ ಮಾರ್ಕಪ್

ಭಾರತದ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್‌ನಲ್ಲಿ ವಿದೇಶಿ ಕರೆನ್ಸಿಯಲ್ಲಿ ಪಾವತಿ ಮಾಡಿದಾಗ ಎರಡು ಹಂತದಲ್ಲಿ ಲೆಕ್ಕ ನಡೆಯುತ್ತದೆ. ಮೊದಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್ ತನ್ನ ಆ ದಿನದ ದರದಲ್ಲಿ ಮೊತ್ತವನ್ನು ಪರಿವರ್ತಿಸುತ್ತದೆ. ಈ ದರ ಮಾರುಕಟ್ಟೆ ದರಕ್ಕೆ ಸಾಮಾನ್ಯವಾಗಿ ಹತ್ತಿರವೇ ಇರುತ್ತದೆ. ನಂತರ ಕಾರ್ಡ್ ಕೊಟ್ಟ ಬ್ಯಾಂಕ್ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ಇದೇ ಫಾರೆಕ್ಸ್ ಮಾರ್ಕಪ್.

ಹೆಚ್ಚಿನ ಕಾರ್ಡ್‌ಗಳಲ್ಲಿ ಇದು ಶೇ 2ರಿಂದ ಶೇ 3.5ರವರೆಗೆ ಇರುತ್ತದೆ. ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಬೇರೆ. ಅಂದರೆ ಶೇ 3.5 ಎಂದು ಬರೆದಿರುವುದು ನಿಜದಲ್ಲಿ ಶೇ 4.13 ಆಗುತ್ತದೆ.

ಪುಣೆಯ ಕುಟುಂಬದ ಲೆಕ್ಕಕ್ಕೆ ಬಂದರೆ, 75 ಸಾವಿರ ರೂಪಾಯಿ ಖರ್ಚಿಗೆ ಮಾರ್ಕಪ್ 2,625 ರೂಪಾಯಿ, ಜಿಎಸ್‌ಟಿ 472 ರೂಪಾಯಿ. ಒಟ್ಟು ಸುಮಾರು 3,100 ರೂಪಾಯಿ. ಶೇ 2 ಮಾರ್ಕಪ್ ಇರುವ ಕಾರ್ಡ್ ಆಗಿದ್ದರೆ 1,770 ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡ್ ಆಗಿದ್ದರೆ ಏನೂ ಇಲ್ಲ.

ಮಾರ್ಕಪ್ ಇಲ್ಲದ ಕಾರ್ಡ್‌ಗಳನ್ನು ಈಗ ಹಲವು ಬ್ಯಾಂಕ್‌ಗಳು ಕೊಡುತ್ತಿವೆ. ಆದರೆ ಹೆಸರು ನೋಡಿ ಅರ್ಜಿ ಹಾಕುವ ಮುನ್ನ ವಾರ್ಷಿಕ ಶುಲ್ಕ ನೋಡಿ. ವರ್ಷಕ್ಕೆ 3,000 ರೂಪಾಯಿ ಶುಲ್ಕ ಇರುವ ಕಾರ್ಡ್‌ಗೆ ಜಿಎಸ್‌ಟಿ ಸೇರಿ 3,540 ರೂಪಾಯಿ ಕಟ್ಟಬೇಕು. ಶೇ 3.5 ಮಾರ್ಕಪ್ ಇರುವ ಹಳೆಯ ಕಾರ್ಡ್‌ಗೆ ಹೋಲಿಸಿದರೆ, ವಿದೇಶದಲ್ಲಿ ವರ್ಷಕ್ಕೆ ಸುಮಾರು 86 ಸಾವಿರ ರೂಪಾಯಿ ಖರ್ಚು ಮಾಡಿದ ಮೇಲಷ್ಟೇ ಈ ಹಣ ವಾಪಸ್ ಬಂದಂತೆ. ವರ್ಷಕ್ಕೆ ಒಂದೇ ಪ್ರವಾಸ ಮಾಡುವ ಪುಣೆಯ ಕುಟುಂಬಕ್ಕೆ ಇಂಥ ಕಾರ್ಡ್ ನಷ್ಟವೇ. ವಾರ್ಷಿಕ ಶುಲ್ಕವೂ ಇಲ್ಲದ, ಮಾರ್ಕಪ್ಪೂ ಇಲ್ಲದ ಕಾರ್ಡ್ ಸಿಕ್ಕರೆ ಮಾತ್ರ ಅವರಿಗೆ ಲಾಭ. ಕೆಲವು ಬ್ಯಾಂಕ್‌ಗಳು ಇಂಥ ಕಾರ್ಡ್ ಅನ್ನು ಸ್ಥಿರ ಠೇವಣಿಯ ಆಧಾರದ ಮೇಲೂ ಕೊಡುತ್ತವೆ.

ನಿಮ್ಮ ಬಳಿ ಈಗಿರುವ ಕಾರ್ಡ್‌ನ ಮಾರ್ಕಪ್ ಎಷ್ಟು ಎಂದು ತಿಳಿಯಲು ಬ್ಯಾಂಕ್‌ನ ವೆಬ್‌ಸೈಟ್‌ನಲ್ಲಿ 'ಎಂಐಟಿಸಿ' ಎಂಬ ದಾಖಲೆ ಹುಡುಕಿ. ಕಾರ್ಡ್‌ನ ಮುಖ್ಯ ಷರತ್ತು ಮತ್ತು ಶುಲ್ಕಗಳೆಲ್ಲ ಅದರಲ್ಲಿರುತ್ತವೆ. ಮನೆಯಲ್ಲಿ ಮೂರು ಕಾರ್ಡ್ ಇದ್ದರೆ ಮೂರರದ್ದೂ ನೋಡಿ. ಒಂದೇ ಬ್ಯಾಂಕ್‌ನ ಎರಡು ಕಾರ್ಡ್‌ಗಳ ಮಾರ್ಕಪ್ ಕೂಡ ಬೇರೆ ಬೇರೆ ಇರಬಹುದು.

'ರೂಪಾಯಿಯಲ್ಲಿ ಪಾವತಿಸುತ್ತೀರಾ?' ಎಂದು ಕೇಳಿದರೆ ಬೇಡ ಎನ್ನಿ

ಬ್ಯಾಂಕಾಕ್‌ನ ಹೋಟೆಲ್ ಕೌಂಟರ್‌ನಲ್ಲಿ ಕಾರ್ಡ್ ಹಾಕಿದ ಕೂಡಲೇ ಯಂತ್ರದ ಪರದೆಯಲ್ಲಿ ಎರಡು ಆಯ್ಕೆ ಬರಬಹುದು. ಒಂದು ಬಾತ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಪರಿಚಯದ ಕರೆನ್ಸಿ ನೋಡಿ ಹೆಚ್ಚಿನವರು ರೂಪಾಯಿಯನ್ನೇ ಒತ್ತುತ್ತಾರೆ. ಕೆಲವು ಕಡೆ ಸಿಬ್ಬಂದಿ ಕೇಳದೆಯೇ ಒತ್ತಿಬಿಡುತ್ತಾರೆ.

ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು, ಚಿಕ್ಕದಾಗಿ ಡಿಸಿಸಿ. ಇಲ್ಲಿ ವಿನಿಮಯ ದರವನ್ನು ನಿರ್ಧರಿಸುವುದು ನಿಮ್ಮ ಬ್ಯಾಂಕೂ ಅಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡೂ ಅಲ್ಲ. ಅಂಗಡಿಯ ಕಡೆಯ ಬ್ಯಾಂಕ್ ಅಥವಾ ಡಿಸಿಸಿ ಸೇವೆ ಕೊಡುವ ಕಂಪನಿ. ಅವರು ತಮ್ಮ ಲಾಭವನ್ನು ದರದಲ್ಲೇ ಸೇರಿಸಿರುತ್ತಾರೆ.

ರೂಪಾಯಿಯಲ್ಲಿ ಕೊಟ್ಟರೆ ಬ್ಯಾಂಕ್‌ನ ಮಾರ್ಕಪ್ ತಪ್ಪುತ್ತದಲ್ಲ ಎಂದು ಅನಿಸಬಹುದು. ಆದರೆ ವಿದೇಶದಲ್ಲಿ ರೂಪಾಯಿಯಲ್ಲಿ ಮಾಡಿದ ಪಾವತಿಗೂ ಭಾರತದ ಹಲವು ಬ್ಯಾಂಕ್‌ಗಳು ಪ್ರತ್ಯೇಕ ಡಿಸಿಸಿ ಶುಲ್ಕ ಹಾಕುತ್ತವೆ. ಇದು ಸಾಮಾನ್ಯವಾಗಿ ಶೇ 1ರ ಆಸುಪಾಸು, ಅದರ ಮೇಲೆ ಜಿಎಸ್‌ಟಿ.

4,000 ಬಾತ್ ಹೋಟೆಲ್ ಬಿಲ್ ತೆಗೆದುಕೊಳ್ಳಿ. ಇದರ ನಿಜವಾದ ಬೆಲೆ 10,000 ರೂಪಾಯಿ. ಡಿಸಿಸಿ ದರ ಶೇ 5ರಷ್ಟು ದುಬಾರಿ ಎಂದುಕೊಂಡರೆ:

- ಮಾರ್ಕಪ್ ಇಲ್ಲದ ಕಾರ್ಡ್, ಬಾತ್‌ನಲ್ಲಿ ಪಾವತಿ: 10,000 ರೂಪಾಯಿ
- ಶೇ 3.5 ಮಾರ್ಕಪ್ ಕಾರ್ಡ್, ಬಾತ್‌ನಲ್ಲಿ ಪಾವತಿ: 10,413 ರೂಪಾಯಿ
- ರೂಪಾಯಿಯಲ್ಲಿ ಪಾವತಿ, ಶೇ 1 ಡಿಸಿಸಿ ಶುಲ್ಕ ಮತ್ತು ಜಿಎಸ್‌ಟಿ ಸೇರಿ: ಸುಮಾರು 10,624 ರೂಪಾಯಿ

ಮಾರ್ಕಪ್ ಇಲ್ಲದ ಕಾರ್ಡ್ ಇಟ್ಟುಕೊಂಡೂ ರೂಪಾಯಿ ಗುಂಡಿ ಒತ್ತಿದರೆ, ಆ ಕಾರ್ಡ್ ಮಾಡಿಸಿದ್ದೇ ವ್ಯರ್ಥವಾಗುತ್ತದೆ. ಆದ್ದರಿಂದ ಯಾವ ದೇಶದಲ್ಲಿದ್ದೀರೋ ಆ ದೇಶದ ಕರೆನ್ಸಿಯಲ್ಲೇ ಪಾವತಿ ಮಾಡಿ. ಕಾರ್ಡ್ ಕೊಡುವ ಮೊದಲೇ 'ಲೋಕಲ್ ಕರೆನ್ಸಿ' ಎಂದು ಹೇಳಿ. ಸಹಿ ಹಾಕುವ ಅಥವಾ ಪಿನ್ ಒತ್ತುವ ಮುನ್ನ ಪರದೆಯಲ್ಲಿ ಯಾವ ಕರೆನ್ಸಿ ಇದೆ ಎಂದು ನೋಡಿ. ರೂಪಾಯಿ ಎಂದಿದ್ದರೆ ರದ್ದು ಮಾಡಿ ಮತ್ತೆ ಹಾಕಲು ಹೇಳುವ ಹಕ್ಕು ನಿಮಗಿದೆ.

ಮನೆಯಲ್ಲಿ ಕುಳಿತು ವಿದೇಶಿ ವೆಬ್‌ಸೈಟ್‌ನಲ್ಲಿ ಹೋಟೆಲ್ ಬುಕ್ ಮಾಡುವಾಗಲೂ ಇದೇ ತೊಂದರೆ ಬರಬಹುದು. ಬೆಲೆ ರೂಪಾಯಿಯಲ್ಲೇ ಕಂಡರೂ ಹಣ ಪಡೆಯುವ ಕಂಪನಿ ವಿದೇಶದಲ್ಲಿ ನೋಂದಣಿಯಾಗಿದ್ದರೆ ಬ್ಯಾಂಕ್ ಶುಲ್ಕ ಬೀಳುವ ಸಾಧ್ಯತೆ ಇದೆ.

ಎಟಿಎಂ: ಮೂರು ಕಡೆಯಿಂದ ಕತ್ತರಿ

ವಿದೇಶದ ಎಟಿಎಂನಲ್ಲಿ ಭಾರತದ ಡೆಬಿಟ್ ಕಾರ್ಡ್ ಬಳಸಿದರೆ ಸಾಮಾನ್ಯವಾಗಿ ಮೂರು ಶುಲ್ಕ ಬೀಳುತ್ತವೆ. ಎಟಿಎಂ ನಡೆಸುವ ಅಲ್ಲಿನ ಬ್ಯಾಂಕ್‌ನ ಶುಲ್ಕ ಒಂದು. ನಿಮ್ಮ ಬ್ಯಾಂಕ್ ಪ್ರತಿ ಸಲ ಹಾಕುವ ನಿಗದಿತ ಶುಲ್ಕ ಎರಡು. ತೆಗೆದ ಮೊತ್ತದ ಮೇಲಿನ ಮಾರ್ಕಪ್ ಮೂರು.

ಥಾಯ್ಲೆಂಡ್‌ನಲ್ಲಿ ವಿದೇಶಿ ಕಾರ್ಡ್‌ಗೆ ಎಟಿಎಂಗಳು ಪ್ರತಿ ಸಲಕ್ಕೆ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತವೆ. ನೀವು 1,000 ಬಾತ್ ತೆಗೆದರೂ ಅಷ್ಟೇ, 10,000 ತೆಗೆದರೂ ಅಷ್ಟೇ. ನಿಮ್ಮ ಬ್ಯಾಂಕ್‌ನ ನಿಗದಿತ ಶುಲ್ಕ 125 ರೂಪಾಯಿ, ಮಾರ್ಕಪ್ ಶೇ 3.5 ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ.

2,000 ಬಾತ್, ಅಂದರೆ 5,000 ರೂಪಾಯಿ ತೆಗೆದರೆ ಎಟಿಎಂ ಶುಲ್ಕ 550 ರೂಪಾಯಿ, ಬ್ಯಾಂಕ್ ಶುಲ್ಕ ಜಿಎಸ್‌ಟಿ ಸೇರಿ ಸುಮಾರು 148 ರೂಪಾಯಿ, ಮಾರ್ಕಪ್ ಸುಮಾರು 229 ರೂಪಾಯಿ. ಒಟ್ಟು ಸುಮಾರು 927 ರೂಪಾಯಿ. ಕೈಗೆ ಬಂದ ಹಣದ ಶೇ 18ಕ್ಕೂ ಹೆಚ್ಚು!

ಹೀಗೆ ಐದು ಸಲ ತೆಗೆದರೆ 25 ಸಾವಿರ ರೂಪಾಯಿ ಕೈಗೆ ಬರುವಷ್ಟರಲ್ಲಿ 4,600 ರೂಪಾಯಿಗೂ ಹೆಚ್ಚು ಶುಲ್ಕ ಹೋಗಿರುತ್ತದೆ. ಅದೇ 10,000 ಬಾತ್ ಅನ್ನು ಒಂದೇ ಸಲ ತೆಗೆದರೆ ಒಟ್ಟು ಶುಲ್ಕ ಸುಮಾರು 1,750 ರೂಪಾಯಿ. ಸುಮಾರು 2,880 ರೂಪಾಯಿ ಉಳಿತಾಯ, ಅದೂ ಕಾರ್ಡ್ ಬದಲಿಸದೆ.

ಎಟಿಎಂ ಯಂತ್ರವೂ ಡಿಸಿಸಿ ಪ್ರಶ್ನೆ ಕೇಳುತ್ತದೆ. 'ವಿದ್ ಕನ್ವರ್ಷನ್', 'ವಿದೌಟ್ ಕನ್ವರ್ಷನ್' ಎಂದು ಇದ್ದರೆ ವಿದೌಟ್ ಆರಿಸಿ. 'ಡಿಕ್ಲೈನ್ ಕನ್ವರ್ಷನ್' ಎಂದಿದ್ದರೂ ಹೆದರಬೇಡಿ. ಅದನ್ನು ಒತ್ತಿದರೆ ರದ್ದಾಗುವುದು ಯಂತ್ರದ ದುಬಾರಿ ದರ ಮಾತ್ರ, ಹಣ ಬಂದೇ ಬರುತ್ತದೆ.

ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯಬೇಡಿ

ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಬಳಸಿ ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟಿದರೆ ಬಡ್ಡಿ ಇಲ್ಲ. ಎಟಿಎಂನಲ್ಲಿ ಹಾಗಲ್ಲ. ನಗದು ತೆಗೆದ ದಿನದಿಂದಲೇ ಬಡ್ಡಿ ಶುರು. ಇದರ ಜೊತೆಗೆ ಕ್ಯಾಷ್ ಅಡ್ವಾನ್ಸ್ ಶುಲ್ಕವೂ ಇದೆ.

ಶೇ 2.5 ಕ್ಯಾಷ್ ಅಡ್ವಾನ್ಸ್ ಶುಲ್ಕ, ತಿಂಗಳಿಗೆ ಶೇ 3.5 ಬಡ್ಡಿ ಎಂದುಕೊಳ್ಳಿ. 25 ಸಾವಿರ ರೂಪಾಯಿ ತೆಗೆದು ಒಂದು ತಿಂಗಳ ನಂತರ ಕಟ್ಟಿದರೆ ಈ ಎರಡರಿಂದಲೇ ಜಿಎಸ್‌ಟಿ ಸೇರಿ 1,770 ರೂಪಾಯಿ ಹೋಗುತ್ತದೆ. ಎಟಿಎಂ ಶುಲ್ಕ, ಮಾರ್ಕಪ್ ಬೇರೆ. ಕ್ರೆಡಿಟ್ ಕಾರ್ಡ್ ಅಂಗಡಿಗೆ, ಹೋಟೆಲ್‌ಗೆ ಮಾತ್ರ ಇರಲಿ.

ಹೋಟೆಲ್‌ನವರು ಹಾಗೂ ಕಾರು ಬಾಡಿಗೆಗೆ ಕೊಡುವವರು ಠೇವಣಿಯಾಗಿ ಒಂದಿಷ್ಟು ಮೊತ್ತವನ್ನು ಕಾರ್ಡ್‌ನಲ್ಲಿ ತಡೆಹಿಡಿಯುತ್ತಾರೆ. ಇದಕ್ಕೂ ಕ್ರೆಡಿಟ್ ಕಾರ್ಡ್ ಸೂಕ್ತ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮದೇ ಹಣ ಕೆಲವು ದಿನ ಕೈಗೆ ಸಿಗದಂತಾಗುತ್ತದೆ.

ಫಾರೆಕ್ಸ್ ಕಾರ್ಡ್ ಯಾರಿಗೆ ಲಾಭ?

ಫಾರೆಕ್ಸ್ ಕಾರ್ಡ್ ಎಂದರೆ ಮೊದಲೇ ವಿದೇಶಿ ಕರೆನ್ಸಿ ತುಂಬಿಸಿಕೊಳ್ಳುವ ಪ್ರೀಪೇಯ್ಡ್ ಕಾರ್ಡ್. ತುಂಬಿಸಿದ ದಿನದ ದರವೇ ಅಂತಿಮ. ಆಮೇಲೆ ರೂಪಾಯಿ ಕುಸಿದರೂ ನಿಮಗೆ ಚಿಂತೆಯಿಲ್ಲ. ಅದೇ ಕರೆನ್ಸಿಯಲ್ಲಿ ಅಂಗಡಿಯಲ್ಲಿ ಪಾವತಿಸಿದರೆ ಮಾರ್ಕಪ್ ಇರುವುದಿಲ್ಲ. ಆದರೆ ಇದು ಶುಲ್ಕವೇ ಇಲ್ಲದ ಕಾರ್ಡ್ ಅಲ್ಲ. ಮೂರು ವಿಷಯ ನೋಡಬೇಕು.

ಮೊದಲನೆಯದು ತುಂಬಿಸುವ ದರ. ಮಾರುಕಟ್ಟೆಯಲ್ಲಿ ಡಾಲರ್ 90 ರೂಪಾಯಿ ಇರುವಾಗ ಬ್ಯಾಂಕ್ 91.35 ರೂಪಾಯಿಗೆ ಕೊಟ್ಟರೆ, ಸಾವಿರ ಡಾಲರ್‌ಗೆ 1,350 ರೂಪಾಯಿ ಅಲ್ಲೇ ಹೋಯಿತು. 'ಶೂನ್ಯ ಶುಲ್ಕ' ಎಂಬ ಜಾಹೀರಾತು ನೋಡಬೇಡಿ, ಕೊನೆಗೆ ಎಷ್ಟು ರೂಪಾಯಿ ಕೊಟ್ಟರೆ ಎಷ್ಟು ಡಾಲರ್ ಸಿಗುತ್ತದೆ ಎಂದು ಎರಡು ಮೂರು ಕಡೆ ಕೇಳಿ. ವಿದೇಶಿ ವಿನಿಮಯಕ್ಕೆ ಜಿಎಸ್‌ಟಿಯೂ ಇದೆ. 1 ಲಕ್ಷ ರೂಪಾಯಿ ಮೊತ್ತಕ್ಕೆ ಅದು 180 ರೂಪಾಯಿ.

ಎರಡನೆಯದು ಕರೆನ್ಸಿ. ಡಾಲರ್ ತುಂಬಿಸಿದ ಕಾರ್ಡ್ ಅನ್ನು ಥಾಯ್ಲೆಂಡ್‌ನಲ್ಲಿ ಉಜ್ಜಿದರೆ ಡಾಲರ್‌ನಿಂದ ಬಾತ್‌ಗೆ ಮತ್ತೊಮ್ಮೆ ಪರಿವರ್ತನೆ ಆಗುತ್ತದೆ. ಇದಕ್ಕೆ ಹಲವು ಕಾರ್ಡ್‌ಗಳಲ್ಲಿ ಕ್ರಾಸ್ ಕರೆನ್ಸಿ ಶುಲ್ಕ ಇದೆ. ರೂಪಾಯಿಯಿಂದ ಡಾಲರ್‌ಗೆ ಒಮ್ಮೆ, ಡಾಲರ್‌ನಿಂದ ಬಾತ್‌ಗೆ ಇನ್ನೊಮ್ಮೆ ಕಳೆದುಕೊಂಡಂತೆ. ಡಾಲರ್, ಯೂರೊ, ಪೌಂಡ್, ದಿರ್ಹಮ್, ಸಿಂಗಾಪುರ ಡಾಲರ್ ಬಹುತೇಕ ಕಾರ್ಡ್‌ಗಳಲ್ಲಿ ಸಿಗುತ್ತವೆ. ವಿಯೆಟ್ನಾಂನ ಡಾಂಗ್, ಇಂಡೋನೇಷ್ಯಾದ ರುಪಿಯಾ ಸಿಗುವುದು ಅಪರೂಪ. ಹೋಗುವ ದೇಶದ ಕರೆನ್ಸಿ ಇಲ್ಲದಿದ್ದರೆ ಫಾರೆಕ್ಸ್ ಕಾರ್ಡ್‌ನ ಮುಖ್ಯ ಲಾಭವೇ ಇರುವುದಿಲ್ಲ.

ಮೂರನೆಯದು ಉಳಿದ ಹಣ. ಮರಳಿ ಬಂದು ರೂಪಾಯಿಗೆ ಬದಲಿಸಿದರೆ ಬ್ಯಾಂಕ್ ತನ್ನ ಖರೀದಿ ದರ ಕೊಡುತ್ತದೆ, ಅದು ಕಡಿಮೆ. ಬಳಸದೆ ಬಿಟ್ಟರೆ ಕೆಲವು ಕಾರ್ಡ್‌ಗಳು ನಿಷ್ಕ್ರಿಯ ಶುಲ್ಕ ಕಡಿತ ಮಾಡುತ್ತವೆ. ಆದ್ದರಿಂದ ಒಂದೇ ಸಲ ಹೆಚ್ಚು ತುಂಬಿಸುವ ಬದಲು ಬೇಕಾದಾಗ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳುವುದು ಮೇಲು.

ನಗದು ಎಷ್ಟು, ಎಲ್ಲಿ ಕೊಳ್ಳಬೇಕು?

ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ದರ ಸಾಮಾನ್ಯವಾಗಿ ದುಬಾರಿ. ಅಲ್ಲಿಗೆ ತಲುಪಿದ ಗ್ರಾಹಕನಿಗೆ ಬೇರೆ ದಾರಿ ಇಲ್ಲ ಎಂಬುದು ಅವರಿಗೂ ಗೊತ್ತು. ಹೊರಡುವ ಕೆಲವು ದಿನ ಮೊದಲೇ ನಿಮ್ಮ ಬ್ಯಾಂಕ್ ಅಥವಾ ಊರೊಳಗಿನ ಆರ್‌ಬಿಐ ಪರವಾನಗಿ ಪಡೆದ ಹಣ ವಿನಿಮಯ ಕೇಂದ್ರದಲ್ಲಿ ಕೊಂಡುಕೊಳ್ಳಿ. ಪ್ರಯಾಣಕ್ಕೆ 60 ದಿನ ಮೊದಲಿನಿಂದ ಖರೀದಿಗೆ ಅವಕಾಶವಿದೆ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಜೊತೆಗಿರಲಿ.

ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಮಾತ್ರ ವಿದೇಶಿ ನೋಟು ಒಯ್ಯಬಹುದು. ಉಳಿದದ್ದು ಕಾರ್ಡ್‌ನಲ್ಲಿರಬೇಕು. 50 ಸಾವಿರ ರೂಪಾಯಿಗಿಂತ ಕಡಿಮೆ ಮೊತ್ತಕ್ಕೆ ಮಾತ್ರ ರೂಪಾಯಿ ನಗದು ಕೊಟ್ಟು ವಿದೇಶಿ ಹಣ ಕೊಳ್ಳಬಹುದು. ಮರಳಿದ ನಂತರ 2,000 ಡಾಲರ್ ಮೌಲ್ಯದವರೆಗಿನ ನೋಟುಗಳನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಲು ಅವಕಾಶವಿದೆ. ಅದಕ್ಕಿಂತ ಹೆಚ್ಚಿದ್ದರೆ 180 ದಿನದೊಳಗೆ ಹಿಂತಿರುಗಿಸಬೇಕು.

ಯುಪಿಐ ಎಲ್ಲೆಲ್ಲಿ ನಡೆಯುತ್ತದೆ?

ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಯುಎಇ, ಸಿಂಗಾಪುರ, ಫ್ರಾನ್ಸ್, ಕತಾರ್ ದೇಶಗಳ ಆಯ್ದ ಅಂಗಡಿಗಳಲ್ಲಿ ಭಾರತದ ಯುಪಿಐ ಬಳಸಬಹುದು. ಭೂತಾನ್‌ನಲ್ಲಿ ಇದು 2021ರಲ್ಲೇ ಬಂತು. ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ 2024ರ ಫೆಬ್ರುವರಿಯಲ್ಲಿ ಶುರುವಾಯಿತು.

ಹೊರಡುವ ಮುನ್ನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಆಯ್ಕೆಯನ್ನು ಸಕ್ರಿಯಗೊಳಿಸಿಕೊಳ್ಳಬೇಕು. ಇಲ್ಲಿ ಕೂಡ ವಿನಿಮಯ ದರ ಮತ್ತು ಬ್ಯಾಂಕ್ ಶುಲ್ಕ ಇರುತ್ತದೆ. ಆದರೆ ಪಿನ್ ಒತ್ತುವ ಮುನ್ನವೇ ಎಷ್ಟು ರೂಪಾಯಿ ಹೋಗುತ್ತದೆ ಎಂದು ಪರದೆಯಲ್ಲಿ ಕಾಣುವುದರಿಂದ ಹೋಲಿಸಿ ನೋಡುವುದು ಸುಲಭ. ಯುಪಿಐ ಒಂದನ್ನೇ ನಂಬಿ ಹೋಗಬೇಡಿ.

ಟಿಸಿಎಸ್ ಬಗ್ಗೆ ಗೊಂದಲ ಬೇಡ

ಪ್ರವಾಸಕ್ಕೆ ಕೊಳ್ಳುವ ವಿದೇಶಿ ಹಣ, ಫಾರೆಕ್ಸ್ ಕಾರ್ಡ್, ವಿದೇಶದಲ್ಲಿ ಬಳಸುವ ಡೆಬಿಟ್ ಕಾರ್ಡ್ ಎಲ್ಲವೂ ಆರ್‌ಬಿಐನ ಉದಾರೀಕೃತ ಹಣ ರವಾನೆ ಯೋಜನೆ, ಅಂದರೆ ಎಲ್‌ಆರ್‌ಎಸ್ ಲೆಕ್ಕಕ್ಕೆ ಬರುತ್ತವೆ. ಒಂದು ಹಣಕಾಸು ವರ್ಷದಲ್ಲಿ ಈ ಒಟ್ಟು ಮೊತ್ತ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಶೇ 20 ಟಿಸಿಎಸ್ ಹಿಡಿಯಲಾಗುತ್ತದೆ. ಈ ಮಿತಿ ಮೊದಲು 7 ಲಕ್ಷ ಇತ್ತು, 2025ರ ಏಪ್ರಿಲ್ 1ರಿಂದ 10 ಲಕ್ಷವಾಗಿದೆ. ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡ್‌ನಲ್ಲಿ ಮಾಡುವ ಖರ್ಚನ್ನು ಇದರೊಳಗೆ ತರುವ ಪ್ರಸ್ತಾವವನ್ನು ಸರ್ಕಾರ 2023ರ ಜೂನ್‌ನಲ್ಲಿ ಮುಂದೂಡಿತು.

ಟಿಸಿಎಸ್ ಬ್ಯಾಂಕ್ ಶುಲ್ಕವಲ್ಲ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗುತ್ತದೆ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಸಾಮಾನ್ಯ ಕುಟುಂಬ ಪ್ರವಾಸದ ಖರ್ಚು ಈ ಮಿತಿಯನ್ನು ಮುಟ್ಟುವುದು ಕಡಿಮೆ.

ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ

ಅಮೆರಿಕದಲ್ಲಿರುವ ಮಗ, ಮಗಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗುವ ತಂದೆ ತಾಯಿಯ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಪಿಂಚಣಿ ಖಾತೆಯ ಡೆಬಿಟ್ ಕಾರ್ಡ್ ಮಾತ್ರ. ಅದರಲ್ಲಿ ಪದೇ ಪದೇ ಇಪ್ಪತ್ತು, ನಲವತ್ತು ಡಾಲರ್ ತೆಗೆಯುವುದು ಅತಿ ದುಬಾರಿ ದಾರಿ. ಅಮೆರಿಕದ ಎಟಿಎಂಗಳೂ ತಮ್ಮ ಗ್ರಾಹಕರಲ್ಲದವರಿಗೆ ಕೆಲವು ಡಾಲರ್ ಶುಲ್ಕ ಹಾಕುತ್ತವೆ.

ಹೀಗೆ ಹೋಗುವವರಿಗೆ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಹೊಂದುತ್ತದೆ. ಖರ್ಚು ಪೂರ್ತಿ ಒಂದೇ ಕರೆನ್ಸಿಯಲ್ಲಿ ಆಗುವುದರಿಂದ ಕ್ರಾಸ್ ಕರೆನ್ಸಿ ಶುಲ್ಕದ ಪ್ರಶ್ನೆಯೇ ಬರುವುದಿಲ್ಲ. ಪಿಂಚಣಿ, ಉಳಿತಾಯ ಇರುವ ಮುಖ್ಯ ಖಾತೆಯ ಕಾರ್ಡ್ ಪರ್ಸ್‌ನಿಂದ ಹೊರಗೆ ಬರುವ ಅಗತ್ಯವೂ ಇರುವುದಿಲ್ಲ. ಪಿನ್ ಹೊಂದಿಸುವುದು, ಆ್ಯಪ್ ಹಾಕಿಕೊಡುವುದು, ಒಂದು ಸಲ ಬಳಸಿ ತೋರಿಸುವುದು ಹೊರಡುವ ಮೊದಲೇ ಆಗಲಿ.

ಹೊರಡುವ ಮುನ್ನ ಈ ಪಟ್ಟಿ ನೋಡಿಕೊಳ್ಳಿ

- ಎಲ್ಲ ಕಾರ್ಡ್‌ಗಳ ಮಾರ್ಕಪ್, ಎಟಿಎಂ ಶುಲ್ಕ, ಡಿಸಿಸಿ ಶುಲ್ಕ ನೋಡಿ. ಕಡಿಮೆ ಇರುವ ಒಂದನ್ನು ಖರ್ಚಿಗೆ, ಇನ್ನೊಂದನ್ನು ತುರ್ತಿಗೆ ಇಟ್ಟುಕೊಳ್ಳಿ.
- ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಇದು ತಾನಾಗಿ ಆನ್ ಆಗಿರುವುದಿಲ್ಲ. ಮಿತಿಯನ್ನೂ ನೀವೇ ನಿಗದಿ ಮಾಡಿ.
- ಮೊದಲ ಎರಡು ದಿನಕ್ಕೆ ಸಾಕಾಗುವಷ್ಟು ನಗದನ್ನು ಊರಲ್ಲೇ ಕೊಂಡುಕೊಳ್ಳಿ.
- ಎಟಿಎಂಗೆ ಹೋಗಲೇಬೇಕಾದರೆ ಡೆಬಿಟ್ ಕಾರ್ಡ್ ಬಳಸಿ, ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ.
- ಎಲ್ಲಿ ಕೇಳಿದರೂ ಸ್ಥಳೀಯ ಕರೆನ್ಸಿಯನ್ನೇ ಆರಿಸಿ.
- ರಶೀದಿಗಳನ್ನು ಇಟ್ಟುಕೊಂಡು ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ಮರಳಿದ ದಿನವೇ ಅಂತರರಾಷ್ಟ್ರೀಯ ಬಳಕೆ ಆಫ್ ಮಾಡಿ.

ಕೊನೆಗೆ ಪುಣೆಯ ಕುಟುಂಬದ ಲೆಕ್ಕಕ್ಕೆ ಮರಳೋಣ. ಕೈಗೆ ಸಿಕ್ಕ ಶೇ 3.5 ಮಾರ್ಕಪ್ ಕಾರ್ಡ್ ಉಜ್ಜಿ, ಐದು ಸಲ ಎಟಿಎಂಗೆ ಹೋಗಿದ್ದರೆ ಒಟ್ಟು ಶುಲ್ಕ ಸುಮಾರು 7,700 ರೂಪಾಯಿ. ವಾರ್ಷಿಕ ಶುಲ್ಕವಾಗಲಿ ಮಾರ್ಕಪ್ ಆಗಲಿ ಇಲ್ಲದ ಕಾರ್ಡ್ ಬಳಸಿ, ಒಂದೇ ಸಲ ಎಟಿಎಂಗೆ ಹೋಗಿದ್ದರೆ ಸುಮಾರು 1,750 ರೂಪಾಯಿ. ಹೋಟೆಲ್ ಅದೇ, ಊಟ ಅದೇ, ಸುತ್ತಾಟವೂ ಅದೇ. ವ್ಯತ್ಯಾಸ ಮಾತ್ರ ಸುಮಾರು 6,000 ರೂಪಾಯಿ. ಒಂದು ಲಕ್ಷದ ಪ್ರವಾಸದಲ್ಲಿ ನಾಲ್ವರು ಒಂದು ದಿನ ಹಾಯಾಗಿ ಸುತ್ತಾಡಿ ಬರಲು ಅಷ್ಟು ಹಣ ಸಾಕು.